ಹ್ಯೂನ ಪೇಟಿಯಲ್ಲಿ ನಾನು ಅಳಿಸಿದ ಅಲೆಗಳು

ನನ್ನ ಬೆಂಚಿನಲ್ಲಿ ಈಗ ನಮ್ರತಾ ಕೂರುತ್ತಾಳೆ. ದಾವಣಗೆರೆಯ ಹುಡುಗಿ. ಸೌಂಡ್ ಎಂಜಿನಿಯರಿಂಗ್ ಓದಲು ಈ ದೇಶಕ್ಕೆ ಬಂದು, ಓದು ಮುಗಿದ ಮೇಲೆ ನಮ್ಮ ಅಕಾರ್ಡಿಯನ್ ರಿಪೇರಿ ಅಂಗಡಿಗೆ ಸೇರಿದವಳು. ನನ್ನ ಕೆಲಸದ ಕೊನೆಯ ದಿನ ನಾನು ಅರಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದಾಗ ಹತ್ತಿರ ಬಂದು, "ಆಂಟಿ, ನಿಮ್ಮ ಎಕ್ಸ್‌ಪೀರಿಯನ್ಸ್ ಎಲ್ಲ ಬರೆದುಕೊಡಿ, ನಂಗೆ ತುಂಬಾ ಹೆಲ್ಪ್ ಆಗುತ್ತೆ" ಎಂದಳು. ಬಾಯಲ್ಲಿ ಹೇಳಿದರೆ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ, ಕೇಳಿಸುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಯಾವಾಗ ಹೆಡ್ ಟ್ಯೂನರ್ ಆದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಕೆಲಸ ಹೇಗೆ ಕೆಡುತ್ತದೆ ಎಂದು ತಿಳಿದರೆ ಅವಳಿಗೆ ಉಪಯೋಗ. ಕೆಡಿಸುವುದರಲ್ಲಿ ನನ್ನಷ್ಟು ಅನುಭವ ಈ ಸುತ್ತಮುತ್ತ ಯಾರಿಗೂ ಇಲ್ಲ.

ಧಾರವಾಡದಲ್ಲಿ ನಮ್ಮ ಅಪ್ಪನದು ಪೇಟಿ ರಿಪೇರಿಯ ಅಂಗಡಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪೇಟಿಯೊಳಗಿನ ರೀಡು ಎಂದರೆ ಒಂದು ಸಣ್ಣ ಹಿತ್ತಾಳೆಯ ನಾಲಗೆ. ತಿದಿ ಒತ್ತಿದಾಗ ಗಾಳಿಗೆ ಅದು ಅದುರಿ ಸ್ವರ ಹುಟ್ಟುತ್ತದೆ. ತುದಿಯಲ್ಲಿ ಅರ ಆಡಿಸಿದರೆ ಸ್ವರ ಏರುತ್ತದೆ, ಬುಡದಲ್ಲಿ ಆಡಿಸಿದರೆ ಇಳಿಯುತ್ತದೆ. ಒಂದೇ ಸ್ವರಕ್ಕೆ ಎರಡು ರೀಡುಗಳಿದ್ದು, ಅವುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿದರೂ ಎರಡೂ ಸೇರಿ ನುಡಿದಾಗ ನಾದ ವಂಯ್ ವಂಯ್ ಎಂದು ಅಲೆಯಾಡುತ್ತದೆ. ಅಪ್ಪನಿಗೆ ಆ ಅಲೆ ಕಂಡರೆ ಆಗುತ್ತಿರಲಿಲ್ಲ. "ಅಲಿ ನಿಂದ್ರೂ ತನಕಾ ಅರ ಕೆಳಗ ಇಡಬ್ಯಾಡ" ಎನ್ನುತ್ತಿದ್ದರು. ನಾನು ಫ್ರಾಕು ಹಾಕುವ ವಯಸ್ಸಿನಿಂದ ಅವರ ಪಕ್ಕದಲ್ಲಿ ಕೂತು ಅಲೆ ನಿಲ್ಲಿಸುವುದನ್ನೇ ಕಲಿತೆ. ಮದುವೆಯಾಗುವ ಹೊತ್ತಿಗೆ ನನ್ನಷ್ಟು ಕಿವಿ ಇನ್ನೊಬ್ಬರಿಗಿಲ್ಲ ಎಂಬ ಸೊಕ್ಕೂ ಬಂದಿತ್ತು.

ಗಂಡ ಮುರಳಿ ಮೈಸೂರಿನವರು. ಇಲ್ಲಿನ ಪಿಸ್ಕಾಟವೇ ಎಂಬ ಊರಿನ ಒಂದು ಟೆಲಿಕಾಂ ಆಫೀಸಿನಲ್ಲಿ ಕೆಲಸ. ನಾವು ಬಂದು ಎಡಿಸನ್‌ನಲ್ಲಿ ಮನೆ ಮಾಡಿದಾಗ ಐ.ಟಿ. ಉಬ್ಬರ ಜೋರಾಗಿತ್ತು. ಎಲ್ಲಿ ಪಾಟ್‌ಲಕ್ ಊಟ ಆದರೂ ಅದೇ ಮಾತು. ಯಾರು ಯಾವ ಕಂಪನಿಗೆ ಹಾರಿದರು, ಯಾರ ಗ್ರೀನ್ ಕಾರ್ಡ್ ಎಲ್ಲಿ ನಿಂತಿದೆ. ಗಂಡಸರು ಡೆಕ್ ಮೇಲೆ ನಿಂತು ಸ್ಟಾಕ್ ಮಾತಾಡುತ್ತಿದ್ದರು, ಒಳಗೆ ಹೆಂಗಸರು ನನ್ನನ್ನು ಹಿಡಿದುಕೊಳ್ಳುತ್ತಿದ್ದರು. "ಸುಮ್ನೆ ಮನೇಲಿ ಯಾಕ್ ಕೂತಿದೀರಾ? ಟೆಸ್ಟಿಂಗ್ ಕೋರ್ಸ್ ಮಾಡಿ. ಸಿಕ್ಸ್ ವೀಕ್ಸ್ ಅಷ್ಟೇ. ಯಾರು ಬೇಕಾದ್ರೂ ಮಾಡಬಹುದು." ಯಾರು ಬೇಕಾದರೂ ಮಾಡಬಹುದಾದ ಕೆಲಸವನ್ನು ನಾನೇಕೆ ಮಾಡಬೇಕು ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೂ ವರ್ಕ್ ಪರ್ಮಿಟ್ ಬಂದ ವಾರವೇ ಮುರಳಿ ಹೇಳಿದ ಕೋರ್ಸಿಗೆ ಸೇರಿ, ಹನ್ನೊಂದು ದಿನ ಹೋಗಿ, ಬಿಟ್ಟೆ.

ಕೆಲಸ ಸಿಕ್ಕಿದ್ದು ನನ್ನ ಪೇಟಿ ಮುರಿದದ್ದರಿಂದ. ಊರಿಂದ ತರುವಾಗ ವಿಮಾನದ ಲಗೇಜಿನಲ್ಲಿ ಅದು ಜಜ್ಜಿಹೋಗಿತ್ತು. ಕರ್ನಿಯಲ್ಲಿ ಅಕಾರ್ಡಿಯನ್ ರಿಪೇರಿ ಮಾಡುವ ಅಂಗಡಿಯಿದೆ ಎಂದು ಯಾರೋ ಹೇಳಿದರು. ಕರ್ನಿ ಎಂದರೆ ನ್ಯೂವಾರ್ಕ್ ನಗರದಿಂದ ನದಿಯ ಆಚೆ ದಂಡೆ. ಹಿಂದೆ ಸ್ಕಾಟ್‌ಲೆಂಡಿನವರು ಗಿರಣಿ ಕೆಲಸಕ್ಕೆ ಬಂದು ನೆಲೆಸಿದ ಊರು. ಅಂಗಡಿಯ ಯಜಮಾನ ಡೊಮಿನಿಕ್ ಮಾತ್ರ ಇಟಲಿ ಮೂಲದ ಮುದುಕ. ಪೇಟಿ ಬಿಚ್ಚಿ ನೋಡಿ, "ಈ ತರಹದ ರೀಡು ನನ್ನ ಹತ್ತಿರ ಇಲ್ಲ" ಎಂದು ಕೈ ಚೆಲ್ಲಿದ. ನಾನು ಅವನ ಅರ ತೆಗೆದುಕೊಂಡು, ಅವನ ಹಳೆಯ ಡಬ್ಬಿಯಿಂದ ಒಂದು ರೀಡು ಆರಿಸಿ, ಅವನ ಮುಂದೆಯೇ ಕೂತು ತಿದ್ದಿ ಕೂರಿಸಿದೆ. ಅವನು ಕನ್ನಡಕ ಹಣೆಗೇರಿಸಿ ನನ್ನ ಕೈಯನ್ನೇ ನೋಡುತ್ತಿದ್ದ. "ಸೋಮವಾರ ಬರ್ತೀಯಾ?" ಎಂದ. ಮುರಳಿಗೆ ಹೇಳಿದೆ. "ಅಲ್ಲ ಕಣೇ, ಎಡಿಸನ್‌ನಿಂದ ಟ್ರೈನು, ನ್ಯೂವಾರ್ಕಿನಿಂದ ಬಸ್ಸು. ಪೇಟಿ ಸರಿಮಾಡೋಕೆ ಅಷ್ಟು ದೂರ ಕಮ್ಯೂಟ್ ಮಾಡ್ತೀಯಾ?" ಎಂದರು. "ನೀವು ಬಗ್ ಸರಿಮಾಡಲಿಕ್ಕೆ ಹೋಗೂದಿಲ್ಲೇನು? ಹಂಗ" ಎಂದೆ.

ಡೊಮಿನಿಕ್ ಒಳ್ಳೆಯ ಗುರು, ಕೆಟ್ಟ ಬಾಯಿ. ತಿದಿಗೆ ಚರ್ಮ ಅಂಟಿಸುವುದು, ಗುಂಡಿಗಳ ಕೆಳಗಿನ ಸರಿಗೆ ಬಗ್ಗಿಸುವುದು, ಹಳೆಯ ಮೇಣ ಕೆರೆದು ಹೊಸದು ಹುಯ್ಯುವುದು, ಎಲ್ಲ ಕಲಿಸಿದ. ರೀಡು ಮಾತ್ರ ಮುಟ್ಟಲು ಬಿಡಲಿಲ್ಲ. "ನಿನ್ನ ಕೈ ಚೆನ್ನಾಗಿದೆ. ನಿನ್ನ ಕಿವಿ ಇನ್ನೂ ಆ ಊರಲ್ಲೇ ಇದೆ. ಒಂದು ವರ್ಷ ಬರೀ ಕೇಳು" ಎಂದ. ನನಗೆ ಅವಮಾನವಾಯಿತು. ಅವನು ಒಂದೊಂದು ಅಕಾರ್ಡಿಯನ್ನಿನಲ್ಲೂ ಸ್ವಲ್ಪ ಅಲೆ ಉಳಿಸುತ್ತಿದ್ದುದನ್ನು ಕಂಡು, ಮುದುಕನಿಗೆ ಕಿವಿ ಮಂದವಾಗಿದೆ, ಪಾಪ ಎಂದುಕೊಂಡಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ನಮ್ರತಾ, ಇಲ್ಲಿ ಒಂದು ನಗುವ ಕಥೆ ಹೇಳಿ ಮುಂದೆ ಹೋಗುತ್ತೇನೆ. ಆ ಚಳಿಗಾಲ ಹಿಕ್ಸ್‌ವಿಲ್ಲಿನ ಭಜನಾ ಮಂಡಳಿಯ ಹೆಂಗಸರು ಒಂದು ಹಾರ್ಮೋನಿಯಂ ಹೊತ್ತು ತಂದರು. ಕಾರ್ತೀಕದಲ್ಲಿ ನುಡಿಯುತ್ತಿದ್ದದ್ದು ಜನವರಿಯಲ್ಲಿ ಒಂದು ಸ್ವರವನ್ನೂ ಬಿಡುತ್ತಿಲ್ಲ. ಬಿಚ್ಚಿದರೆ ರೀಡುಗಳ ಮೇಲೆಲ್ಲ ಬೆಳ್ಳಗೆ ಗಟ್ಟಿ ಪದರ. ಅವರಲ್ಲಿ ಹಿರಿಯಾಕೆ ಸಣ್ಣ ದನಿಯಲ್ಲಿ, "ಸ್ವರ ಕೀರ್ ಅಂತಿತ್ತು ಕಣ್ರೀ, ಒಣಗಿದೆ ಅಂತ ಎರಡು ಚಮಚ ಕೊಬ್ಬರಿ ಎಣ್ಣೆ ಬಿಟ್ಟೆ" ಎಂದರು. ಇವರ ಬೇಸ್‌ಮೆಂಟಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿತ್ತು. ಡೊಮಿನಿಕ್ ಬೆರಳಲ್ಲಿ ತೆಗೆದು ಮೂಸಿ, ಇದೇನು ಎಂದು ಕೇಳಿದ. ತಲೆಗೆ ಹಚ್ಚುವ ಎಣ್ಣೆ ಎಂದೆ. ಅವನು ತನ್ನ ಬೋಳುತಲೆ ಸವರಿಕೊಂಡು ಒಳಗೆ ಹೋದ. ಇಂಥ ತಪ್ಪು ಮಾಡುವ ಪೈಕಿ ನಾನಲ್ಲ ಎಂದು ಆವತ್ತು ಬಸ್ಸಿನಲ್ಲಿ ಬರುವಾಗ ನಗುತ್ತಲೇ ಇದ್ದೆ.

ಮಾರ್ಚಿನಲ್ಲಿ ಡೊಮಿನಿಕ್ ಎರಡು ವಾರಕ್ಕೆ ಫ್ಲೋರಿಡಾದ ಮಗಳ ಮನೆಗೆ ಹೋದ. ಹೋಗುವಾಗ, "ಹೊರಗಿನ ಕೆಲಸ ಮಾಡು. ರೀಡು ಮುಟ್ಟಬೇಡ" ಎಂದು ಎರಡು ಸಲ ಹೇಳಿದ. ಮಾರನೆಯ ದಿನವೇ ಐಲ್ಸಾ ಬಂದಳು. ನಲವತ್ತರ ಆಸುಪಾಸು, ಕೆಂಚು ಕೂದಲು, ಕೆಸರಾದ ಬೂಟು. ಕರ್ನಿಯಲ್ಲೇ ಹುಟ್ಟಿದವಳು, ಹೈಸ್ಕೂಲಿನಲ್ಲಿ ಅರ್ತ್ ಸೈನ್ಸ್ ಟೀಚರ್. ಬೆಂಚಿನ ಮೇಲೆ ಒಂದು ಹಳೆಯ ಅಕಾರ್ಡಿಯನ್ ಇಟ್ಟಳು. ಅವಳಂಥ ಸ್ಕಾಟ್‌ಲೆಂಡ್ ಮೂಲದವರು ಅದಕ್ಕೆ ಬಾಕ್ಸ್ ಎನ್ನುತ್ತಾರೆ. ನಮ್ಮ ಪೇಟಿಯ ಹಾಗೇ ಎಂದು ನನಗೆ ಖುಷಿಯಾಯಿತು, ನಾನೂ ಅದನ್ನು ಪೇಟಿ ಎಂದೇ ಕರೆದೆ.

"ಇದು ನಮ್ಮಪ್ಪ ಹ್ಯೂ ಅವರದ್ದು" ಎಂದಳು. "ಹೋದ ವರ್ಷ ತೀರಿಕೊಂಡರು. ಒಂದು ಗುಂಡಿ ಸಿಕ್ಕಿಹಾಕಿಕೊಳ್ಳುತ್ತೆ, ತಿದಿಯ ಮೂಲೆಯಲ್ಲಿ ಗಾಳಿ ಸೋರುತ್ತೆ. ಅಷ್ಟೇ. ಮುಂದಿನ ತಿಂಗಳು ಚರ್ಚ್ ಹಾಲಿನಲ್ಲಿ ನುಡಿಸ್ತೀನಿ, ಅಲ್ಲೇ ರೆಕಾರ್ಡಿಂಗ್. ನನ್ನ ಮೊದಲನೇ ಆಲ್ಬಮ್."

ಯಾವ ಹಾಡು ಎಂದು ಕೇಳಿದೆ. ಹಾಡಲ್ಲ, ಮಾತಿಲ್ಲದ ಬರೀ ಮಟ್ಟುಗಳು ಎಂದಳು. ಹಳೆಯ ಕುಣಿತದ ಮಟ್ಟುಗಳನ್ನು ಎಲ್ಲರೂ ನುಡಿಸುತ್ತಾರೆ. ಈಗಿನ ಸ್ಕಾಟಿಷ್ ಜಾನಪದದವರು ಒಂದು ಗುಡ್ಡವನ್ನೋ, ತೊರೆಯನ್ನೋ, ಬಂಡೆಯ ಮೇಲಿನ ಒಂಟಿ ಮನೆಯನ್ನೋ ಹಿಡಿದು, ಅಲ್ಲಿ ನಡೆದಾಡಿ, ಆ ಜಾಗಕ್ಕೊಂದು ಹೊಸ ಮಟ್ಟು ಕಟ್ಟುತ್ತಾರಂತೆ. ಮಟ್ಟಿನ ಹೆಸರೂ ಜಾಗದ್ದೇ. ಐಲ್ಸಾ ಕಟ್ಟಿದವುಗಳಲ್ಲಿ ಮುಖ್ಯವಾದದ್ದು ಹ್ಯೂ ಹುಟ್ಟಿದ ದ್ವೀಪದ ಒಂದು ಕೊಲ್ಲಿಯ ಮೇಲೆ. "ಅಮ್ಮ ಬರ್ತಾರೆ, ಮೊದಲ ಸಾಲಿನಲ್ಲಿ ಕೂರ್ತಾರೆ. ಅಪ್ಪ ಹೋದ ಮೇಲೆ ಅವರು ಈ ಬಾಕ್ಸಿನ ದನಿ ಕೇಳೇ ಇಲ್ಲ. ಅವರಿಗೋಸ್ಕರವೇ ಇದು" ಎಂದು ಹೇಳಿ ಹೋದಳು.

ಗುಂಡಿ ಸರಿಮಾಡಿದೆ, ತಿದಿಗೆ ಚರ್ಮ ಹಾಕಿದೆ. ಒಂದೇ ದಿನದ ಕೆಲಸ. ಆಮೇಲೆ ಪರೀಕ್ಷೆಗೆಂದು ನುಡಿಸಿದೆ. ಅಯ್ಯೋ ದೇವರೇ! ಬಲಗೈ ಕಡೆ ಒಂದೊಂದು ಸ್ವರಕ್ಕೂ ಮೂರು ಮೂರು ಉಕ್ಕಿನ ರೀಡು. ನಡುವಿನದು ಸರಿಯಾಗಿದೆ, ಒಂದು ಅದಕ್ಕಿಂತ ಮೇಲೆ, ಇನ್ನೊಂದು ಕೆಳಗೆ. ಮೂರೂ ಸೇರಿ ನುಡಿದರೆ ಅಲೆ ಎಂದರೆ ಎಂಥ ಅಲೆ! ಡೊಮಿನಿಕ್ ಬಿಡುವಂಥ ಸಣ್ಣದಲ್ಲ, ಕಿವಿ ಅಲುಗಿಸುವಂಥದ್ದು. ಒಂದು ಸ್ವರದಲ್ಲಿ ಹೆಚ್ಚು, ಪಕ್ಕದ್ದರಲ್ಲಿ ಕಡಿಮೆ. ನನಗೆ ಐಲ್ಸಾಳ ಮೇಲೆ ಕನಿಕರ ಉಕ್ಕಿತು. ಅಪ್ಪ ತೀರಿದ್ದಾನೆ, ಪೇಟಿ ತುಕ್ಕು ಹಿಡಿದು ಶ್ರುತಿ ಬಿಟ್ಟಿದೆ, ತಾಯಿ ಮೊದಲ ಸಾಲಿನಲ್ಲಿ ಕೂತು ಇದನ್ನೇ ಕೇಳಬೇಕೇ? ಡೊಮಿನಿಕ್ ಬಂದಾಗ ನನ್ನ ಕಿವಿ ಎಲ್ಲಿದೆ ಎಂಬುದೂ ಗೊತ್ತಾಗಲಿ ಎನಿಸಿತು. ಅರ ತೆಗೆದೆ.

ಎಂಟು ದಿನ ಬೆಳಗಿನಿಂದ ಸಂಜೆಯವರೆಗೆ ಕೂತು ಮೇಲಿನದನ್ನು ಇಳಿಸಿದೆ, ಕೆಳಗಿನದನ್ನು ಏರಿಸಿದೆ. ಒಂದೊಂದೇ ಸ್ವರದ ಅಲೆ ನಿಲ್ಲಿಸಿದೆ. ಊಟಕ್ಕೂ ಏಳದೆ ಡಬ್ಬಿಯ ಚಪಾತಿಯನ್ನು ಸುರುಳಿ ಸುತ್ತಿ ಎಡಗೈಯಲ್ಲಿ ಹಿಡಿದು ತಿಂದೆ. ಮುಗಿದಾಗ ಪೇಟಿ ಎಷ್ಟು ನಿಚ್ಚಳವಾಗಿ ನುಡಿಯಿತೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ.

ಐಲ್ಸಾ ಬಂದು ಪಟ್ಟಿ ಹೆಗಲಿಗೇರಿಸಿಕೊಂಡಳು. ನಾಲ್ಕು ಸ್ವರ ನುಡಿಸಿ ನಿಲ್ಲಿಸಿದಳು. ಪೇಟಿ ತಿರುಗಿಸಿ ಹಿಂದಿನ ಗೀರು ನೋಡಿದಳು, ತನ್ನದೇ ಹೌದೋ ಅಲ್ಲವೋ ಎಂದು.

"ಏನು ಮಾಡಿದೆ?"

"ಶ್ರುತಿ ಪೂರಾ ಹೋಗಿತ್ತು. ಎಲ್ಲಾ ರೀಡು ಕೂಡಿಸೇನಿ. ಈಗ ಒಂದರಾಗೂ ಅಲಿ ಇಲ್ಲ ನೋಡ್ರಿ" ಎಂದೆ. ನಾನು ಇಂಗ್ಲಿಷಿನಲ್ಲಿ ಹೇಳಿದರೂ ನನ್ನ ಇಂಗ್ಲಿಷಿನ ರಾಗ ಧಾರವಾಡದ್ದೇ, ಅದಕ್ಕೆ ಹಾಗೇ ಬರೆದಿದ್ದೇನೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. "ಸ್ವರ ಎಲ್ಲ ಸರಿಯಾಗಿದೆ. ತುಂಬಾ ಚೆನ್ನಾಗಿದೆ. ಆದರೆ ಕೊಲ್ಲಿ ಎಲ್ಲಿ ಹೋಯಿತು?" ಎಂದು ಕೇಳಿ ಕುರ್ಚಿಯಲ್ಲಿ ಕುಸಿದಳು.

ಆಮೇಲೆ ಹೇಳಿದಳು. ಆ ದ್ವೀಪದಲ್ಲಿ ಕುಣಿತ ಆಗುತ್ತಿದ್ದದ್ದು ದೋಣಿ ಕಟ್ಟುವ ಕಟ್ಟೆಯ ಮೇಲೆ, ಬಯಲಿನಲ್ಲಿ. ಸಮುದ್ರದ ಗಾಳಿ ಹೊಡೆಯುವಾಗ, ಐವತ್ತು ಜನರ ಬೂಟು ಹಲಗೆಯ ಮೇಲೆ ಬಡಿಯುವಾಗ ಮೂರು ರೀಡೂ ಒಂದೇ ಸ್ವರದಲ್ಲಿ ಕೂತರೆ ದನಿ ಹತ್ತು ಹೆಜ್ಜೆ ದಾಟುವುದಿಲ್ಲ. ಅದಕ್ಕೆ ಅಲ್ಲಿನವರು ರೀಡುಗಳನ್ನು ಬೇಕೆಂದೇ ದೂರ ದೂರ ಇಡುತ್ತಾರೆ. ಹ್ಯೂ ಯಾವ ಸ್ವರದಲ್ಲಿ ಎಷ್ಟು ಅಲೆಯಿರಬೇಕೆಂದು ವರ್ಷಗಟ್ಟಲೆ ತಾನೇ ಅರ ಹಿಡಿದು ಇಟ್ಟಿದ್ದ. ಐಲ್ಸಾಳ ಮಟ್ಟು ಕಟ್ಟಿದ್ದು ಆ ಅಲೆಯ ಮೇಲೆ. "ಅಮ್ಮನಿಗೆ ಏನು ಹೇಳಲಿ?" ಎಂದಳು. ಸತ್ತ ಮನುಷ್ಯನ ದನಿಯನ್ನು ಎಂಟು ದಿನ ಶ್ರದ್ಧೆಯಿಂದ ಕೂತು ಉಜ್ಜಿ ತೆಗೆದಿದ್ದೆ. ಕೆರೆದ ರೀಡಿನ ಪುಡಿ ಇನ್ನೂ ಬೆಂಚಿನ ಮೇಲೆಯೇ ಇತ್ತು.

ಡೊಮಿನಿಕ್ ಬಿಸಿಲಿಗೆ ಕೆಂಪಾಗಿ ಬಂದವನು ಪೇಟಿ ಬಿಚ್ಚಿ ಒಂದು ಗಂಟೆ ನೋಡಿದ. ನಾನು ಪಕ್ಕದಲ್ಲಿ ನಿಂತು ಅಳುತ್ತಿದ್ದೆ. "ಅಳೋದಾದರೆ ದೂರ ಹೋಗಿ ಅಳು. ರೀಡು ತುಕ್ಕು ಹಿಡಿಯುತ್ತೆ" ಎಂದ. ಕೆಲಸದಿಂದ ತೆಗೆಯುತ್ತಾನೆ ಎಂದುಕೊಂಡಿದ್ದೆ. "ತೆಗೆದರೆ ಇದನ್ನ ಸರಿಮಾಡೋರು ಯಾರು? ಅರ ಹಿಡಿದವಳು ನೀನು" ಎಂದು ಬಯ್ದು, ಕೆಲಸದ ಸ್ಥಿತಿ ಹೇಳಿದ. ರೀಡಿನಲ್ಲಿ ಇನ್ನೊಂದು ಸಲ ಕೆರೆಯುವಷ್ಟು ಲೋಹ ಉಳಿದಿದೆ. ಎರಡನೆಯ ಸಲ ತಪ್ಪಿದರೆ ರೀಡು ಮುರಿಯುತ್ತದೆ. ಆದರೆ ಹ್ಯೂ ಎಷ್ಟು ಅಲೆ ಇಟ್ಟಿದ್ದ ಎಂಬುದು ಎಲ್ಲಿದೆ?

ಐಲ್ಸಾಳ ತಾಯಿಯ ಅಡುಗೆಮನೆಯಲ್ಲಿತ್ತು. ಹ್ಯೂ ಬದುಕಿದ್ದಾಗ ರೆಕಾರ್ಡ್ ಮಾಡಿದ ಹನ್ನೊಂದು ಕ್ಯಾಸೆಟ್ಟುಗಳು. ತಾಯಿಗೆ ತಿಳಿಯದ ಹಾಗೆ ಎತ್ತಿ ತಂದಳು. ಹಾಕಿದರೆ ಮೊದಲು ಪಾತ್ರೆಯ ಸದ್ದು, ಯಾರೋ ಕೆಮ್ಮಿದ್ದು, ಆಮೇಲೆ ಆ ಪೇಟಿ. ಈಗ ಕೇಳಿದರೆ ನನಗೂ ಗೊತ್ತಾಯಿತು. ನಾನು ಕಾಯಿಲೆ ಎಂದುಕೊಂಡಿದ್ದೇ ಅದರ ಜೀವ. ಆದರೆ ಕುಣಿತದ ಮಟ್ಟಿನಲ್ಲಿ ಒಂದು ಸ್ವರ ಕಣ್ಣು ಮಿಟುಕಿಸುವಷ್ಟೂ ನಿಲ್ಲುವುದಿಲ್ಲ. ಅಲೆ ಎಣಿಸುವುದು ಹೇಗೆ?

ಮನೆಗೆ ಬಂದು ಮುರಳಿಗೆ ಎಲ್ಲ ಹೇಳಿದೆ. ಆ ವಾರ ಅವರ ಆಫೀಸಿನಲ್ಲಿ ಯಾವುದೋ ರಿಲೀಸ್ ಗಲಾಟೆ. ಆದರೂ ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪಿ.ಸಿ. ಮುಂದೆ ಕೂತರು. ಫೋನಿನ ದನಿಯನ್ನು ತುಂಡು ಮಾಡಿ ಕಳಿಸುವುದೇ ಅವರ ಕೆಲಸವಾಗಿತ್ತು. ಟೇಪಿನಿಂದ ಒಂದೊಂದು ಸ್ವರದ ತುಣುಕು ಕತ್ತರಿಸಿ ಅದರ ಫ್ರೀಕ್ವೆನ್ಸಿ ಹೇಳುವ ಪ್ರೋಗ್ರಾಂ ಬರೆದರು. "ತಗೋ, ಡೆಸಿಮಲ್‌ವರೆಗೆ ಬಂದಿದೆ. ನೀನು ಕಿವಿ ನೋಯಿಸಿಕೊಳ್ಳೋದೇ ಬೇಡ" ಎಂದರು.

ನನಗೆ ಅನುಮಾನ. ಒಂದೇ ಸ್ವರ ಎರಡು ಕ್ಯಾಸೆಟ್ಟಿನಲ್ಲಿ ಎರಡು ಥರ ಬಂದಿತ್ತು. "ಇದು ಖರೇ ಅಲ್ರೀ. ಟೇಪ್ ಒಂದರಾಗ ಜೋರ್ ಓಡೇದ, ಒಂದರಾಗ ಸಾವಕಾಶ" ಎಂದೆ.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣೇ."

"ಕಂಪ್ಯೂಟರ್ ಹೇಳೂದಿಲ್ಲ, ಟೇಪ್ ಹೇಳ್ತದ. ಸ್ವರ ಏರಿಳಿದ್ರ ಇಳೀಲಿ, ಅಲಿಯ ಲೆಕ್ಕ ಅಷ್ಟು ತಪ್ಪೂದಿಲ್ಲ. ನನಗ ಒಂದೇ ಒಂದು ಉಪಕಾರ ಮಾಡ್ರಿ. ಆ ತುಣುಕು ಮುಗಿಯೂದ್ರಾಗ ಮತ್ತ ಶುರು ಆಗಬೇಕು. ನಾ ಸಾಕು ಅನ್ನೂ ತನಕ ನುಡೀತಾ ಇರಬೇಕು."

ಮುರಳಿ ತಲೆ ಕೆರೆದುಕೊಂಡರು. ಅಲೆಯ ಒಂದು ಏರಿಳಿತ ಮುಗಿಯುವ ಕಡೆಯೇ ಕತ್ತರಿಸಿ ಸರಿಯಾಗಿ ಜೋಡಿಸಲು ಅವರಿಗೆ ಮಧ್ಯಾಹ್ನದವರೆಗೆ ಹಿಡಿಯಿತು. ಕೊನೆಗೆ ಹ್ಯೂನ ಒಂದು ಸ್ವರ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ನಿಲ್ಲದೆ ನುಡಿಯಿತು. ನಾನು ತೊಡೆಯ ಮೇಲೆ ತಾಳ ಹಾಕಿಕೊಂಡು, ಅಪ್ಪನ ಅಂಗಡಿಯಲ್ಲಿ ಲಯ ಎಣಿಸಿದ ಹಾಗೆ ಅಲೆ ಎಣಿಸಿದೆ. ಇದಕ್ಕೆ ಎರಡು ಮಾತ್ರೆಗೆ ಏಳು. ಮುಂದಿನದಕ್ಕೆ ಒಂಬತ್ತಕ್ಕೆ ತುಸು ಕಡಿಮೆ. ಅಲೆ ನಿಲ್ಲಿಸಲು ಕಲಿತ ಕಿವಿಯೇ ಅಲೆ ಎಣಿಸಲು ಒದಗಿತು. ಮುರಳಿ ಸ್ಪ್ರೆಡ್‌ಶೀಟಿನಲ್ಲಿ ಬರೆದುಕೊಂಡರು. ಮೇಲಿನ ಮನೆಯ ತೆಲುಗಿನವರು ಬಾಗಿಲು ತಟ್ಟಿ, ನಿಮ್ಮ ಸ್ಮೋಕ್ ಅಲಾರಂ ಕೂಗುತ್ತಿದೆಯಾ ಎಂದು ಕೇಳಿ ಹೋದರು.

ಮೂರು ವಾರ ನಡೆಯಿತು. ವಾರಾಂತ್ಯ ಎಣಿಕೆ, ವಾರದ ದಿನ ಅರ. ಡೊಮಿನಿಕ್ ಪಕ್ಕದಲ್ಲಿ ಕೂತು, ನಾನು ಎರಡು ಸಲ ಅರ ಆಡಿಸಿದರೆ ಮೂರನೆಯದಕ್ಕೆ ಕೈ ಹಿಡಿಯುತ್ತಿದ್ದ. "ಕೇಳು. ಮೊದಲು ಕೇಳು. ಆಮೇಲೆ ಕೆರೆ." ಈ ಮಾತನ್ನು ನಮ್ರತಾ, ನಾನು ನಿನಗೆ ಸಾವಿರ ಸಲ ಹೇಳಿ ಬೈಸಿಕೊಂಡಿದ್ದೇನೆ. ಮೊದಲು ಹೇಳಿದವನು ಅವನು. ಈಗ ನಿನ್ನ ಫೋನಿನಲ್ಲೇ ಅಲೆ ಎಣಿಸುವ ಆ್ಯಪ್ ಇದೆ. ಉಪಯೋಗಿಸು, ಬೇಡ ಎನ್ನುವುದಿಲ್ಲ. ಮುರಳಿಯ ಪ್ರೋಗ್ರಾಂ ಇಲ್ಲದಿದ್ದರೆ ನಾನು ಆವತ್ತು ಮುಳುಗುತ್ತಿದ್ದೆ. ಆದರೆ ಯಾವ ಅಂಕಿಯನ್ನು ನಂಬಬೇಕೆಂದು ಆ್ಯಪ್ ಹೇಳುವುದಿಲ್ಲ.

ಹತ್ತು ದಿನ ಉಳಿದಿದ್ದಾಗ ಇನ್ನೊಂದು ಪೆಟ್ಟು ಬಿತ್ತು. ಎಲ್ಲಕ್ಕಿಂತ ಮೇಲಿನ ಏಳು ಸ್ವರಗಳು ಹನ್ನೊಂದು ಕ್ಯಾಸೆಟ್ಟಿನಲ್ಲಿ ಎಲ್ಲೂ ಇರಲಿಲ್ಲ. ಎರಡೆರಡು ಸಲ ಹುಡುಕಿದೆವು. ಫೋನಿನಲ್ಲಿ ಐಲ್ಸಾಳಿಗೆ ಹೇಳಿದೆ. ಆ ಏಳನ್ನು ಬಿಟ್ಟು ನುಡಿಸಬಹುದೇ ಎಂದೆ.

"ಆಗಲ್ಲ. ಕೊನೆಯ ಮಟ್ಟು ಪೂರ್ತಿ ಅಲ್ಲೇ ಇದೆ" ಎಂದಳು. "ಶನಿವಾರ ಬೂಟು ಹಾಕಿಕೊಂಡು ಬಾ."

ನನ್ನನ್ನು ಕರೆದುಕೊಂಡು ಹೋಗಿದ್ದು ಮೆಡೋಲ್ಯಾಂಡ್ಸಿಗೆ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ವಾಸನೆಗೆ ಕಾರಿನ ಗಾಜು ಏರಿಸಿಕೊಂಡು ನಾವೆಲ್ಲ ದಾಟಿಹೋಗುವ ಆ ಜೌಗು. ಆಳೆತ್ತರದ ಒಣಹುಲ್ಲು, ನಡುವೆ ತೆಳ್ಳಗೆ ನೀರು, ದೂರದಲ್ಲಿ ಗೋದಾಮುಗಳು, ಮೇಲೆ ನ್ಯೂವಾರ್ಕಿಗೆ ಇಳಿಯುವ ವಿಮಾನಗಳು. ಕಾಲುದಾರಿಯಲ್ಲಿ ಅರ್ಧ ಮೈಲಿ ನಡೆದ ಮೇಲೆ ಟ್ರಕ್ಕುಗಳ ಸದ್ದು ಒಂದೇ ಸಮನೆ ಮೊರೆತವಾಯಿತು, ಅದರ ಮೇಲೆ ಹುಲ್ಲಿನ ಸರಸರ. ಒಂದು ಬೆಳ್ಳಕ್ಕಿ ನೀರಲ್ಲಿ ನಿಂತಿತ್ತು. ನಾನು ಐದು ವರ್ಷದಿಂದ ಈ ರಾಜ್ಯದಲ್ಲಿದ್ದೆ, ಇಲ್ಲಿ ಇಳಿದು ನೋಡಿರಲಿಲ್ಲ.

"ನನ್ನ ಸ್ಕೂಲ್ ಮಕ್ಕಳನ್ನ ಕರ್ಕೊಂಡು ಬರ್ತೀನಿ" ಎಂದಳು ಐಲ್ಸಾ. "ನನಗೆ ಆ ಕೊಲ್ಲಿ ಗೊತ್ತಿರೋದು ನಾಲ್ಕು ಬೇಸಿಗೆ ರಜೆಯಷ್ಟು. ಅದು ಅಪ್ಪನ ಜಾಗ. ನಾನು ಬೆಳೆದದ್ದು ಇದರ ದಂಡೆಯಲ್ಲಿ. ಕೊನೆಯ ಮಟ್ಟು ಇದರದ್ದು."

ಸಿಳ್ಳೆಯಲ್ಲಿ ಅದನ್ನು ನುಡಿಸಿ ತೋರಿಸಿದಳು. ಕೆಳಗೆ ಶುರುವಾಗಿ, ತಡವರಿಸಿ, ಮೇಲಿನ ಸ್ವರಗಳಿಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ. "ಎಷ್ಟು ಅಲಿ ಬೇಕು? ನಿಮ್ಮ ಅಪ್ಪನ ಕೈ ನನಗ ಇಲ್ಲಿ ಸಿಗಂಗಿಲ್ಲ" ಎಂದೆ.

"ಅಪ್ಪನ ಕೈ ಬೇಡ ಇಲ್ಲಿಗೆ. ನಿನ್ನ ಕಿವಿ ಏನು ಹೇಳುತ್ತೆ?"

ಎಂಟು ದಿನ ಎಲ್ಲವನ್ನೂ ನಾಶಮಾಡಿದ ಕಿವಿಯನ್ನು ಈ ಹೆಣ್ಣು ನಂಬುತ್ತಿದ್ದಾಳಲ್ಲ ಎಂದು ಸಂಕಟವೂ ಆಯಿತು, ಸಂತೋಷವೂ ಆಯಿತು. ಅವಳಿಂದ ಅದೇ ಸಿಳ್ಳೆಯನ್ನು ಮತ್ತೆ ಮತ್ತೆ ಹಾಕಿಸಿ, ಹುಲ್ಲಿನ ಸದ್ದಿನೊಳಗೆ ಅದು ಎಲ್ಲಿ ಕೇಳಿಸುತ್ತದೆ, ಎಲ್ಲಿ ಮುಳುಗುತ್ತದೆ ಎಂದು ಗಮನಿಸಿದೆ. ಇಲ್ಲಿ ಕಡಲ ಗಾಳಿಯಿಲ್ಲ, ಐವತ್ತು ಬೂಟುಗಳಿಲ್ಲ. ದೊಡ್ಡ ಅಲೆ ಬೇಕಿಲ್ಲ. ಪೂರಾ ನಿಂತರೂ ಆಗದು. ಸೋಮವಾರ ಡೊಮಿನಿಕ್‌ಗೆ ಹೇಳಿದಾಗ, "ಸರಿ. ಮೇಲೆ ಹೋದಷ್ಟೂ ಕೈ ಹಗುರ ಮಾಡು, ಇಲ್ಲದಿದ್ದರೆ ಕಿರುಚುತ್ತೆ" ಎಂದು ಎದ್ದು ಹೋದ. ಆ ಏಳು ಸ್ವರಗಳಿಗೆ ಅವನು ನನ್ನ ಕೈ ಹಿಡಿಯಲಿಲ್ಲ.

ಭಾನುವಾರ ಮಧ್ಯಾಹ್ನ ಚರ್ಚ್ ಹಾಲು ತುಂಬಿತ್ತು. ಐಲ್ಸಾಳ ಜೊತೆ ಒಬ್ಬ ಪಿಟೀಲಿನವನು, ಒಬ್ಬಾಕೆ ಸಣ್ಣ ಬ್ಯಾಗ್‌ಪೈಪಿನವಳು. ಮೊದಲ ಸಾಲಿನಲ್ಲಿ ಅವಳ ತಾಯಿ ಜೀನ್, ಎಂಬತ್ತು ಮುಟ್ಟುತ್ತಿದ್ದ ಅಜ್ಜಿ, ನೀಲಿ ಕಾರ್ಡಿಗನ್ ಹಾಕಿ ನೆಟ್ಟಗೆ ಕೂತಿದ್ದರು. ನಾನು ಅವರ ಹಿಂದಿನ ಸಾಲಿನಲ್ಲೇ ಒಂದು ತುದಿಗೆ ಕೂತೆ, ಮುಖ ಕಾಣುವ ಹಾಗೆ. ಮುರಳಿಯ ಕೈ ಹಿಡಿದಿದ್ದೆ. "ಬಿಡೇ, ಬೆರಳು ಮುರಿಯುತ್ತೆ" ಎಂದು ಪಿಸುಗುಟ್ಟಿದರು.

ಕೊಲ್ಲಿಯ ಮಟ್ಟು ಶುರುವಾಯಿತು. ಮೊದಲ ಸ್ವರದಲ್ಲೇ ಜೀನ್ ಅಜ್ಜಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಅವರ ಬಲಗಾಲಿನ ಬೂಟು ನೆಲದ ಮೇಲೆ ಮೆಲ್ಲಗೆ ಬೀಳತೊಡಗಿತು. ಮುಗಿಯುವವರೆಗೂ ನಿಲ್ಲಲಿಲ್ಲ. ಮುರಳಿಯ ಬೆರಳು ಬಿಟ್ಟೆ. ಕೊನೆಗೆ ಜೌಗಿನ ಮಟ್ಟು ಬಂದು, ಮೇಲಿನ ಸ್ವರಗಳಿಗೆ ಹೋದಾಗ ಮಾತ್ರ ಅವರು ಕಣ್ಣು ತೆರೆದು ಮಗಳ ಬೆರಳುಗಳನ್ನೇ ದಿಟ್ಟಿಸಿದರು. ಸಿಕ್ಕಿಬಿದ್ದೆ ಎಂದುಕೊಂಡೆ.

ಚಹಾದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಐಲ್ಸಾ ಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದರೂ ಅಜ್ಜಿಯ ಮುಂದೆ ಹೋಗಿ ನಿಂತು, "ಅಮ್ಮಾರ, ನಿಮ್ಮ ಯಜಮಾನರ ಪೇಟಿ ಕೆಡಿಸಿದಾಕಿ ನಾನು. ಕ್ಯಾಸೆಟ್ ಕೇಳಿ ಮತ್ತ ಮಾಡೇನಿ. ತಪ್ಪಾತು" ಎಂದೆ.

"ಗೊತ್ತು" ಎಂದರು.

"ಐಲ್ಸಾ ಹೇಳಿದಳೇನು?"

"ಅವಳೆಲ್ಲಿ ಹೇಳ್ತಾಳೆ? ಒಂದು ತಿಂಗಳು ಮನೆಯಲ್ಲಿ ಬಾಕ್ಸ್ ಇಲ್ಲ, ಕ್ಯಾಸೆಟ್ಟೂ ಇಲ್ಲ. ನಾನು ಮುದುಕಿ, ಪೆದ್ದಿ ಅಲ್ಲ." ಚಹಾ ಕಪ್ಪು ಕೆಳಗಿಟ್ಟರು. "ಆ ಮೇಲಿನ ಸ್ವರಗಳು. ಅವೂ ಕ್ಯಾಸೆಟ್ಟಿನಿಂದ ಬಂದವಾ?"

ಇಲ್ಲ, ಅವು ಯಾವ ಕ್ಯಾಸೆಟ್ಟಿನಲ್ಲೂ ಸಿಗಲಿಲ್ಲ, ಅವು ನನ್ನವೇ ಎಂದು ತಲೆ ತಗ್ಗಿಸಿ ಹೇಳಿದೆ. ಅಜ್ಜಿ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

"ಹೇಗೆ ಸಿಗುತ್ತೆ? ಹ್ಯೂ ಅಲ್ಲಿಗೆ ಹೋಗ್ತಾನೇ ಇರಲಿಲ್ಲ. ಪ್ರತಿ ಚಳಿಗಾಲ ಅವನ್ನ ಸರಿಮಾಡ್ತೀನಿ ಅಂತ ಅರ ಹಿಡಿದು ಕೂರೋನು, ಬೈದುಕೊಂಡು ಎದ್ದು ಬರೋನು. ಸಾಯೋವರೆಗೂ ಆಗಲಿಲ್ಲ. ಆಮೇಲೆ ಆ ಏಳನ್ನ ಬಿಟ್ಟೇ ನುಡಿಸೋದು ರೂಢಿ ಮಾಡಿಕೊಂಡ. ಅಲ್ಲಿ ಸ್ವರ ಇದೆ ಅನ್ನೋದೇ ನನಗೆ ಮರೆತುಹೋಗಿತ್ತು." ನನ್ನ ಮುಂಗೈ ಹಿಡಿದು ಹತ್ತಿರ ಎಳೆದುಕೊಂಡರು. "ಅದು ಯಾವ ಜಾಗ? ದ್ವೀಪದಲ್ಲಿ ಅಂಥ ಜಾಗ ನನಗೆ ನೆನಪಿಲ್ಲ."

"ದ್ವೀಪ ಅಲ್ಲ. ಇಲ್ಲೇ. ಟರ್ನ್‌ಪೈಕ್ ಕೆಳಗಿನ ಜೌಗು."

ಅಜ್ಜಿಯ ನಗು ನಿಂತಿತು. "ಇಲ್ಲೇನಾ?" ಎಂದರು. ಸ್ವಲ್ಪ ಹೊತ್ತು ನನ್ನ ಕೈ ಬಿಡಲಿಲ್ಲ. "ನಲವತ್ತು ವರ್ಷ ಬಸ್ಸಿನಲ್ಲಿ ಅದನ್ನ ದಾಟಿ ಕೆಲಸಕ್ಕೆ ಹೋದೆ, ಮೂಗು ಮುಚ್ಚಿಕೊಂಡು. ನಮ್ಮ ಮನೆಯಲ್ಲಿ ನುಡಿಸಿದ್ದೆಲ್ಲ ಅಲ್ಲಿಯದ್ದು, ದ್ವೀಪದ್ದು. ಇಲ್ಲಿಯದ್ದು ಅಂತ ಒಂದೂ ಇರಲಿಲ್ಲ."

ಆಮೇಲೆ ದನಿ ಎತ್ತಿ, "ಐಲ್ಸಾ, ಆ ಕೊನೇದು ಇನ್ನೊಂದು ಸಲ" ಎಂದು ಕೂಗಿದರು. ರೆಕಾರ್ಡಿಂಗಿನವನು ವೈರು ಸುತ್ತುವುದನ್ನು ನಿಲ್ಲಿಸಿದ. ಐಲ್ಸಾ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿ ಪಟ್ಟಿ ಹೆಗಲಿಗೆ ಹಾಕಿಕೊಂಡಳು. ಅಜ್ಜಿ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಕೊಲ್ಲಿಯ ಮಟ್ಟನ್ನು ಕಣ್ಣು ಮುಚ್ಚಿ ಕೇಳಿದ್ದವರು, ಇದನ್ನು ಕಿಟಕಿಯ ಹೊರಗೆ ನೋಡುತ್ತ ಕೇಳಿದರು.